ಹೊಸ ಮಡಚು ಚಾಕು ಯಾಕೆ ಸರಿಯಾಗಿ ಕತ್ತರಿಸುವುದಿಲ್ಲ?

ಸಾವಿರಾರು ರೂಪಾಯಿ ಕೊಟ್ಟು ಒಂದು ಒಳ್ಳೆಯ ಮಡಚು ಚಾಕು ತರಿಸಿಕೊಳ್ಳುತ್ತೀರಿ. ಮರದ ಹಿಡಿ, ಹಿತ್ತಾಳೆ ಮೊಳೆ, ಟಕ್ ಅಂತ ತೆರೆದುಕೊಳ್ಳುವ ಅಲಗು. ಎಲ್ಲ ಚೆನ್ನಾಗಿದೆ. ಆದರೆ ಪೇಪರ್ ಹಿಡಿದು ಎಳೆದರೆ ಅದು ಕತ್ತರಿಸುವ ಬದಲು ಹರಿಯುತ್ತದೆ. ಟೊಮೆಟೊ ಮೇಲೆ ಇಟ್ಟು ಒತ್ತಿದರೆ ಸಿಪ್ಪೆ ಒಳಕ್ಕೆ ತಗ್ಗುತ್ತದೆ, ಸೀಳುವುದಿಲ್ಲ. ಆಗ ಬಾಯಿಗೆ ಬರುವ ಮೊದಲ ಮಾತು, "ದುಡ್ಡು ದಂಡ ಆಯ್ತು."

ಸ್ವಲ್ಪ ತಡೀರಿ. ಚಾಕುವಿನ ಗುಣ ಬೇರೆ, ಫ್ಯಾಕ್ಟರಿಯಿಂದ ಬರುವಾಗ ಅದರ ಬಾಯಿಗೆ ಇರುವ ಹರಿತ ಬೇರೆ. ಉಕ್ಕು ಎಂಥದ್ದು, ಅದಕ್ಕೆ ಹದ ಹೇಗೆ ಕೊಟ್ಟಿದ್ದಾರೆ, ಅಲಗು ಎಷ್ಟು ತೆಳುವಾಗಿದೆ, ಸ್ಪ್ರಿಂಗ್ ಹೇಗಿದೆ, ಇವೆಲ್ಲ ಚಾಕುವಿನ ಗುಣ. ಇವನ್ನು ಮನೆಯಲ್ಲಿ ಕೂತು ಬದಲಾಯಿಸುವುದು ಕಷ್ಟ. ಹರಿತ ಹಾಗಲ್ಲ. ಹಾರ್ಡ್‌ವೇರ್ ಅಂಗಡಿಯ ಒಂದು ಸಾಣೆಕಲ್ಲು, ಸ್ವಲ್ಪ ತಾಳ್ಮೆ ಇದ್ದರೆ ಒಂದು ಸಂಜೆಯಲ್ಲಿ ಸರಿಮಾಡಬಹುದು. ಹಾಗಾಗಿ ಫ್ಯಾಕ್ಟರಿ ಹರಿತ ನೋಡಿ ಚಾಕುವಿಗೆ ಮಾರ್ಕ್ ಹಾಕಬೇಡಿ ಅನ್ನುವುದು ನನ್ನ ವಾದ.

ನಮ್ಮ ದಾವಣಗೆರೆ ಕಡೆಯ ಹಳಬರಿಗೆ ಇದು ಹೊಸ ವಿಷಯವೇ ಅಲ್ಲ. ಸಂತೆಯಲ್ಲಿ ಕೊಂಡ ಮಚ್ಚನ್ನು ಚನ್ನಗಿರಿಯ ತೋಟದವರು ಹಾಗೇ ಕೆಲಸಕ್ಕೆ ಹಚ್ಚುವುದಿಲ್ಲ. ಮೊದಲು ಮಸೆಯುತ್ತಾರೆ. ಹೊಸ ಹಂಚಿನ ಮೇಲೆ ಮೊದಲ ದೋಸೆ ಏಳಲಿಲ್ಲ ಅಂತ ಯಾರೂ ಹಂಚನ್ನು ಬೈಯುವುದಿಲ್ಲ, ಅಲ್ವಾ? ಪೆಟ್ಟಿಗೆಯಲ್ಲಿ ಬರುವ ಚಾಕು ಮಾತ್ರ ಮೊದಲ ದಿನವೇ ಕೂದಲು ಸೀಳಬೇಕು ಅಂತ ಬಯಸುತ್ತೇವೆ.

ಇಲ್ಲಿ ಹೇಳುತ್ತಿರುವುದು ಸಾಂಪ್ರದಾಯಿಕ ಮಡಚು ಚಾಕುಗಳ ಬಗ್ಗೆ. ಅಂದರೆ ಬೆನ್ನಿನಲ್ಲಿ ಒಂದು ಉಕ್ಕಿನ ಪಟ್ಟಿ ಸ್ಪ್ರಿಂಗ್ ಆಗಿ ಕೂತು, ಅದರ ಒತ್ತಡದಿಂದಲೇ ಅಲಗು ತೆರೆದು ನಿಲ್ಲುವ ಚಾಕು. ಇದಕ್ಕೆ ಸ್ಲಿಪ್‌ಜಾಯಿಂಟ್ ಅನ್ನುತ್ತಾರೆ. ಲಾಕ್ ಇರುವುದಿಲ್ಲ. 1884ರಲ್ಲಿ ಕಾರ್ಲ್ ಎಲ್ಸೆನರ್ ಶುರುಮಾಡಿದ ಕಾರ್ಖಾನೆಯಿಂದ ಬೆಳೆದ ವಿಕ್ಟೋರಿನಾಕ್ಸ್‌ನ ಕೆಂಪು ಸ್ವಿಸ್ ಚಾಕು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿ ಕೇಸ್, ಗ್ರೇಟ್ ಈಸ್ಟರ್ನ್ ಕಟ್ಲರಿ ಅನ್ನುವ ಕಂಪನಿಗಳು ಇದೇ ಬಗೆಯವನ್ನು ಮಾಡುತ್ತವೆ. ಫ್ರಾನ್ಸಿನ ಒಪಿನೆಲ್ 1890ರದ್ದು. ಅದಕ್ಕೆ ಬೆನ್ನಿನ ಸ್ಪ್ರಿಂಗ್ ಇಲ್ಲ, 1955ರಲ್ಲಿ ತಿರುಗಿಸುವ ಬಳೆಯೊಂದು ಲಾಕ್ ಆಗಿ ಸೇರಿತು. ಆದರೆ ಮಸೆಯುವ ವಿಷಯದಲ್ಲಿ ಅದೂ ಇದೇ ಕುಟುಂಬ. ಎಲೆಅಡಿಕೆ ಚೀಲದಲ್ಲಿ ನಮ್ಮ ಅಜ್ಜಂದಿರು ಇಟ್ಟುಕೊಳ್ಳುತ್ತಿದ್ದ ಜಾತ್ರೆ ಚಾಕುವಿಗೂ ಮುಂದಿನ ಮಾತೆಲ್ಲ ಹೊಂದುತ್ತದೆ.

ಮೊದಲು ಹರಿತ ಅಂದರೆ ಏನು ಅಂತ ನೋಡೋಣ. ಚಾಕುವಿನ ಎರಡು ಬದಿಗಳು ಇಳಿಜಾರಾಗಿ ಬಂದು ಒಂದು ಗೆರೆಯಲ್ಲಿ ಕೂಡುತ್ತವೆ. ಆ ಗೆರೆಯೇ ಬಾಯಿ. ಅದು ಎಷ್ಟು ಸಣ್ಣದಾಗಿ ಕೂಡುತ್ತದೋ ಅಷ್ಟು ಹರಿತ. ನಮ್ಮ ತಲೆಗೂದಲ ದಪ್ಪ ಸುಮಾರು 70 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಎಪ್ಪತ್ತು ಭಾಗ. ಚೆನ್ನಾಗಿ ಮಸೆದ ಚಾಕುವಿನ ಬಾಯಿ ಒಂದು ಮೈಕ್ರಾನ್ ಆಸುಪಾಸು ಇರುತ್ತದೆ. ಹೊಸ ಶೇವಿಂಗ್ ಬ್ಲೇಡಿನದು ಅದಕ್ಕಿಂತ ಎಷ್ಟೋ ಸಣ್ಣದು. ಬಾಯಿ ಮೊಂಡಾಗುವುದು ಅಂದರೆ ಈ ಗೆರೆ ದುಂಡಗಾಗುವುದು, ಇಲ್ಲವೇ ಒಂದು ಕಡೆಗೆ ಮಡಚಿಕೊಳ್ಳುವುದು.

ಇದನ್ನು ಕಣ್ಣಲ್ಲೇ ನೋಡಬಹುದು. ಟ್ಯೂಬ್‌ಲೈಟ್ ಕೆಳಗೆ ಚಾಕುವಿನ ಬಾಯಿಯನ್ನು ಮೇಲೆ ಮಾಡಿ ಹಿಡಿಯಿರಿ, ನಿಧಾನವಾಗಿ ಆ ಕಡೆ ಈ ಕಡೆ ಓಲಾಡಿಸಿ. ನಿಜವಾಗಿ ಹರಿತ ಇರುವ ಕಡೆ ಏನೂ ಕಾಣುವುದಿಲ್ಲ. ಬೆಳಕು ತಿರುಗಿ ಬರುವಷ್ಟು ಜಾಗವೇ ಅಲ್ಲಿಲ್ಲ. ಮೊಂಡಾದ ಕಡೆ ಸಣ್ಣ ಬಿಳಿ ಗೆರೆ ಮಿಂಚುತ್ತದೆ. ಚಾಕು ಕೈಗೆ ಬಂದ ದಿನವೇ ಈ ಪರೀಕ್ಷೆ ಮಾಡಿ. ಎಷ್ಟೋ ಹೊಸ ಚಾಕುಗಳಲ್ಲಿ ಹಿಡಿಯ ಹತ್ತಿರ ಮತ್ತು ತುದಿಯ ಹತ್ತಿರ ಈ ಗೆರೆ ಸಿಗುತ್ತದೆ, ನಡುವೆ ಸಿಗುವುದಿಲ್ಲ. ಯಾಕೆ ಅಂತ ಈಗ ನೋಡೋಣ.

ಇಂಥ ಚಾಕುಗಳಲ್ಲಿ ಕೊನೆಯ ಹರಿತವನ್ನು ಹೆಚ್ಚಾಗಿ ಮನುಷ್ಯರೇ ಕೊಡುತ್ತಾರೆ. ವೇಗವಾಗಿ ಓಡುವ ಬೆಲ್ಟ್ ಅಥವಾ ಚಕ್ರದ ಮುಂದೆ ನಿಂತು, ಕಣ್ಣಂದಾಜಿನಲ್ಲೇ ಕೋನ ಹಿಡಿದು, ಈ ಕಡೆ ಒಂದೆರಡು ಎಳೆತ, ಆ ಕಡೆ ಒಂದೆರಡು ಎಳೆತ. ದಿನವಿಡೀ ಅದೇ ಕೆಲಸ. ಬೆಳಗ್ಗೆ ಮಾಡಿದ್ದಕ್ಕೂ ಸಂಜೆ ಮಾಡಿದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಹೊಸ ಬೆಲ್ಟಿಗೂ ಸವೆದ ಬೆಲ್ಟಿಗೂ ವ್ಯತ್ಯಾಸ ಇರುತ್ತದೆ. ಹಿಡಿಯ ಹತ್ತಿರ ಬೆಲ್ಟ್ ಸರಿಯಾಗಿ ತಾಗುವುದಿಲ್ಲ, ತುದಿಯ ತಿರುವಿನಲ್ಲಿ ಕೈ ತಿರುಗುವಷ್ಟರಲ್ಲಿ ಅಲಗು ದಾಟಿಹೋಗಿರುತ್ತದೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಚಾಕುಗಳಲ್ಲಿ ಒಂದು ಕೂದಲು ಬೋಳಿಸುವುದು, ಇನ್ನೊಂದು ಪೇಪರನ್ನೂ ಕತ್ತರಿಸದೆ ಇರುವುದು ಹೀಗೆ.

ಕೋನದ ವಿಷಯವೂ ಇದೆ. ತೆಳು ಕೋನದಲ್ಲಿ ಮಸೆದ ಬಾಯಿ ಚೆನ್ನಾಗಿ ಕತ್ತರಿಸುತ್ತದೆ, ಬೇಗ ಚಕ್ಕೆ ಏಳುತ್ತದೆ. ಕೊಳ್ಳುವವರು ಹಣ್ಣು ಹೆಚ್ಚುತ್ತಾರೋ, ಡಬ್ಬಿ ಮುಚ್ಚಳ ಮೀಟುತ್ತಾರೋ ಕಂಪನಿಗೆ ಗೊತ್ತಿಲ್ಲ. ಚಕ್ಕೆ ಎದ್ದ ಚಾಕು ವಾಪಸ್ ಬರುವುದಕ್ಕಿಂತ ಸ್ವಲ್ಪ ಮೊಂಡು ಇರಲಿ ಅಂತ ದಪ್ಪ ಕೋನ ಇಡುವುದು ಅವರಿಗೆ ಕ್ಷೇಮ. ವ್ಯಾಪಾರದ ದೃಷ್ಟಿಯಲ್ಲಿ ತಪ್ಪೇನಿಲ್ಲ ಬಿಡಿ. ಜೇಬಿನ ಚಾಕುವಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಸಾಕು. ಫ್ಯಾಕ್ಟರಿಯಿಂದ ಬಂದದ್ದು 25 ಡಿಗ್ರಿ ಇದ್ದರೂ ಆಶ್ಚರ್ಯ ಬೇಡ. ಎರಡು ಬದಿಯ ಕೋನ ಬೇರೆ ಬೇರೆ ಇರುವುದೂ ಉಂಟು.

ಇಷ್ಟೇ ಆಗಿದ್ದರೆ ಕಥೆ ಸುಲಭ. ನಿಜವಾದ ಕಳ್ಳ ಬೇರೆ ಇದ್ದಾನೆ. ಅವನ ಹೆಸರು ಬರ್.

ಹರಿಹರದಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಮಾಡುತ್ತಿದ್ದ ಕಾಲದಿಂದ ಆ ಊರಲ್ಲಿ ಟರ್ನರ್, ಫಿಟ್ಟರ್, ಗ್ರೈಂಡರ್ ಕೆಲಸ ಬಲ್ಲ ಮನೆಗಳು ಬೇಕಾದಷ್ಟಿವೆ. ಆ ಕಾರ್ಖಾನೆ ಮುಚ್ಚಿದೆ, ಕೈಕೆಲಸದ ಮಾತು ಉಳಿದಿದೆ. ಲೋಹವನ್ನು ಉಜ್ಜಿದಾಗ ಅಂಚಿನಲ್ಲಿ ತೆಳ್ಳಗೆ ಎದ್ದು ನಿಲ್ಲುವ ಸಿಗುರು ಬರ್. ಚಾಕುವನ್ನು ಒಂದು ಬದಿಯಿಂದ ಮಸೆಯುತ್ತ ಹೋದರೆ ಬಾಯಿಯ ಉಕ್ಕು ತೀರ ತೆಳುವಾಗಿ, ಮುಂದೆ ಸವೆಯುವ ಬದಲು ಇನ್ನೊಂದು ಬದಿಗೆ ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಬೆರಳಿಗೆ ಸಿಗುತ್ತದೆ.

ಈ ಬರ್ ಬಹಳ ಮೋಸಗಾರ. ಅದು ಕೂಡ ಹರಿತವೇ. ಫ್ಯಾಕ್ಟರಿಯಲ್ಲಿ ಬೆಲ್ಟ್ ಆದಮೇಲೆ ಬಟ್ಟೆಚಕ್ರಕ್ಕೆ ಹಿಡಿದು ಹೊಳಪು ಕೊಟ್ಟಾಗ ಬರ್ ಎಷ್ಟೋ ಸಲ ಬಿದ್ದುಹೋಗುವ ಬದಲು ನೆಟ್ಟಗೆ ನಿಲ್ಲುತ್ತದೆ. ಅಂಗಡಿಯಲ್ಲಿ ಪೇಪರ್ ಕತ್ತರಿಸಿ ತೋರಿಸಿದರೆ ಆಹಾ ಅನ್ನಿಸುತ್ತದೆ. ಮನೆಗೆ ತಂದು ನಾಲ್ಕು ಈರುಳ್ಳಿ ಹೆಚ್ಚುವಷ್ಟರಲ್ಲಿ ಬರ್ ಮಡಚಿಕೊಂಡು ಚಾಕು ಮೊಂಡು. "ಈ ಉಕ್ಕಿಗೆ ಹರಿತ ನಿಲ್ಲುವುದಿಲ್ಲ" ಅಂತ ತೀರ್ಪು ಕೊಟ್ಟುಬಿಡುತ್ತೇವೆ. ಪಾಪ, ಉಕ್ಕಿನ ಸರದಿಯೇ ಇನ್ನೂ ಬಂದಿರುವುದಿಲ್ಲ.

ಬರ್ ಇದೆಯೋ ಇಲ್ಲವೋ ನೋಡುವುದು ಹೀಗೆ. ಹೆಬ್ಬೆರಳನ್ನು ಅಲಗಿನ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಅಡ್ಡಲಾಗಿ ಸವರಿ, ಹೊರಕ್ಕೆ ಜಾರಿಸಿ. ಬಾಯಿಯ ಉದ್ದಕ್ಕೆ ಮಾತ್ರ ಎಂದೂ ಸವರಬೇಡಿ. ಒಂದು ಬದಿ ನುಣ್ಣಗಿದ್ದು ಇನ್ನೊಂದು ಬದಿಯಲ್ಲಿ ಏನೋ ತಡೆದಂತೆ ಆದರೆ ಅದೇ ಬರ್. ಹಳೇ ಪಂಚೆಯ ತುಂಡೊಂದನ್ನು ಹಾಗೇ ಸವರಿದರೂ ಆಗುತ್ತದೆ, ಬರ್ ಇದ್ದ ಕಡೆ ನೂಲು ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಕಾರಣ ಶಾಖ. ಚಾಕುವಿನ ಉಕ್ಕನ್ನು ಕೆಂಪಗೆ ಕಾಯಿಸಿ ಅದ್ದಿದ ಮೇಲೆ ಮತ್ತೆ ಸ್ವಲ್ಪ ಕಾಯಿಸಿ ಹದಕ್ಕೆ ತರುತ್ತಾರೆ. ಸಾದಾ ಕಾರ್ಬನ್ ಉಕ್ಕಿಗೆ ಈ ಎರಡನೇ ಶಾಖ ಸುಮಾರು 200 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಮುಂದೆ ಯಾವಾಗಲಾದರೂ ಅದಕ್ಕಿಂತ ಜಾಸ್ತಿ ಕಾದರೆ ಹದ ಇಳಿಯುತ್ತದೆ, ಉಕ್ಕು ಮೆತ್ತಗಾಗುತ್ತದೆ. 300 ಡಿಗ್ರಿ ಹತ್ತಿರ ಹೋದರೆ ನೀಲಿ ಬಣ್ಣ ಬಂದು ಕಣ್ಣಿಗೇ ಕಾಣುತ್ತದೆ. ನೀರಿಲ್ಲದೆ ಓಡುವ ಬೆಲ್ಟಿನ ಮೇಲೆ ಅಲಗಿನ ದಪ್ಪ ಭಾಗ ಕೈಯಲ್ಲಿ ಹಿಡಿಯುವಷ್ಟು ತಣ್ಣಗಿದ್ದರೂ, ಬಾಯಿಯ ಆ ಕೂದಲೆಳೆಯಷ್ಟು ಉಕ್ಕಿಗೆ ಶಾಖ ತಡೆಯುವ ಶಕ್ತಿ ಇಲ್ಲ. ಬಣ್ಣ ತಿರುಗದೆಯೂ ಅಷ್ಟು ಭಾಗ ಮೆತ್ತಗಾಗಬಹುದು. ಅದಕ್ಕೇ ಹೊಸ ಚಾಕುವನ್ನು ಎರಡು ಮೂರು ಸಲ ಮಸೆದ ಮೇಲೆ ಹರಿತ ಜಾಸ್ತಿ ದಿನ ನಿಲ್ಲಲು ಶುರುವಾಗುತ್ತದೆ. ಮೆತ್ತಗಾದ ಪದರ ಹೋಗಿ ಒಳಗಿನ ಒಳ್ಳೆಯ ಉಕ್ಕು ಸಿಕ್ಕಿತು ಅಂತ ಅರ್ಥ.

ಬೀದಿಯಲ್ಲಿ ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು "ಸಾಣೇ..." ಅಂತ ಕೂಗುತ್ತ ಬರುವವರ ಹತ್ತಿರ ಈ ಚಾಕು ಕೊಡಬಹುದಾ? ಈಳಿಗೆಮಣೆ, ಮಚ್ಚು, ಅಡುಗೆಮನೆಯ ದಪ್ಪ ಚಾಕು ಧಾರಾಳವಾಗಿ ಕೊಡಿ. ಕೈಪಳಗಿದವರು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಬೇಕಿದ್ದರೆ ನಿಂತು ಕಿಡಿ ನೋಡಿ. ಕಾರ್ಬನ್ ಜಾಸ್ತಿ ಇರುವ ಉಕ್ಕಾದರೆ ಕಿಡಿ ಕವಲೊಡೆದು ಚಿಟಪಟ ಸಿಡಿಯುತ್ತದೆ, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಚಾಕುವಿನದು ಸಿಡಿಯುವುದು ಕಡಿಮೆ. ಆದರೆ ಜೇಬಿನ ಚಾಕು ತೆಳು. ಒಣ ಚಕ್ರದಲ್ಲಿ ಬೇಗ ಕಾಯುತ್ತದೆ, ಹತ್ತು ವರ್ಷದಲ್ಲಿ ಸವೆಯಬೇಕಾದ ಉಕ್ಕು ಒಂದೇ ಸಲಕ್ಕೆ ಹೋಗುತ್ತದೆ. ಇದನ್ನು ಕೈಯಲ್ಲೇ ಮಸೆಯುವುದು ವಾಸಿ.

ಮಸೆಯುವುದು ನಮ್ಮ ಸೀಮೆಗೆ ಹೊಸ ವಿದ್ಯೆಯೂ ಅಲ್ಲ. ಅಶೋಕನ ಶಾಸನ ಇರುವ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಕೆಳಗಿನ ಪದರದಲ್ಲಿ ಸಿಕ್ಕಿದ್ದು ನುಣ್ಣಗೆ ಉಜ್ಜಿದ ಕಲ್ಲಿನ ಕೊಡಲಿಗಳು. ಕಬ್ಬಿಣ ಕಾಣುವ ಮೊದಲೇ ಇಲ್ಲಿನ ಜನ ಕಲ್ಲಿಗೆ ಕಲ್ಲು ತಿಕ್ಕಿ ಬಾಯಿ ತೆಗೆಯುತ್ತಿದ್ದರು. ಇವತ್ತಿಗೂ ಚಿತ್ರದುರ್ಗದ ಕಡೆ ಹೊಲದ ಬಂಡೆಗೆ ಕುಡುಗೋಲು ತಿಕ್ಕುವವರಿದ್ದಾರೆ. ಅದು ಕೆಲಸ ಮಾಡುತ್ತದೆ, ಯಾಕೆಂದರೆ ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಕಣಗಳಿವೆ. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚುಕಲ್ಲು 7. ಹದ ಕೊಟ್ಟ ಉಕ್ಕು ಅದರ ಹತ್ತಿರ ಹತ್ತಿರ ಇರುವುದರಿಂದ ನಿಧಾನವಾಗಿ ಸವೆಯುತ್ತದೆ. ಆದರೆ ಬಂಡೆಯ ಕಣ ಒಂದೇ ಸಮ ಇರುವುದಿಲ್ಲ. ಕುಡುಗೋಲಿಗೆ ನಡೆಯುತ್ತದೆ, ನಿಮ್ಮ ಹೊಸ ಚಾಕುವಿಗೆ ಬೇಡ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸಿಗುವ ಎರಡು ಬದಿಯ ಸಾಣೆಕಲ್ಲು ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡ್. 1891ರಲ್ಲಿ ಎಡ್ವರ್ಡ್ ಆಚೆಸನ್ ಕೃತಕ ವಜ್ರ ಮಾಡಲು ಹೋಗಿ ಇದನ್ನು ಕಂಡುಕೊಂಡು ಕಾರ್ಬೊರಂಡಂ ಅಂತ ಹೆಸರಿಟ್ಟ. ಮೋಸ್ ಅಳತೆಯಲ್ಲಿ 9ಕ್ಕಿಂತ ಮೇಲೆ. ಸಾಂಪ್ರದಾಯಿಕ ಚಾಕುಗಳಿಗೆ ಇದು ಬೇಕಾದಷ್ಟಾಯಿತು. ಅವುಗಳ ಉಕ್ಕು, ಲೋಹದ ಗಡಸುತನ ಅಳೆಯುವ ರಾಕ್‌ವೆಲ್ ಅಳತೆಯಲ್ಲಿ ಹೆಚ್ಚಾಗಿ 55ರಿಂದ 59ರ ಒಳಗೆ ಇರುತ್ತದೆ. ಸ್ವಿಸ್ ಚಾಕು ಆ ಸಾಲಿನ ಕೆಳತುದಿಯಲ್ಲಿ, ಅಮೆರಿಕದ 1095 ಅನ್ನುವ ಕಾರ್ಬನ್ ಉಕ್ಕು ಮೇಲುತುದಿಯಲ್ಲಿ. ವಜ್ರದ ಪುಡಿ ಕೂರಿಸಿದ ಪ್ಲೇಟ್ ಬೇಕಾಗುವುದು ವನೇಡಿಯಂ ಲೋಹ ಜಾಸ್ತಿ ಇರುವ, ಪುಡಿಯಿಂದ ಮಾಡುವ ಹೊಸ ಪೌಡರ್ ಉಕ್ಕುಗಳಿಗೆ. ಅಜ್ಜನ ಚಾಕುವಿಗೆ ಅದಕ್ಕಾಗಿ ದುಡ್ಡು ಸುರಿಯಬೇಡಿ.

ಕಲ್ಲು ಕೊಳ್ಳುವಾಗ ನೋಡಬೇಕಾದ್ದು ಎರಡೇ. ಒಂದು, ಅದು ಸಮತಟ್ಟಾಗಿರಬೇಕು. ಸ್ಕೂಲ್ ಸ್ಕೇಲನ್ನು ಅದರ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಇನ್ನೊಂದು, ಎರಡು ಬಗೆಯ ಬದಿ ಇರಬೇಕು. ಒರಟು ಬದಿ ಬಾಯಿ ತೆಗೆಯಲು, ನುಣುಪು ಬದಿ ಮುಗಿಸಲು. ನೀರು ಹಾಕಿ ಮಸೆಯುವ ನೀರುಕಲ್ಲು 1000 ನಂಬರಿನದು (ನಂಬರ್ ಜಾಸ್ತಿಯಾದಷ್ಟೂ ನುಣುಪು) ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಕಣ ಸುಮಾರು 15 ಮೈಕ್ರಾನ್. ಅಷ್ಟು ಸಾಕು. 8000 ನಂಬರಿನ ಕನ್ನಡಿಹೊಳಪು ಹವ್ಯಾಸಿಗಳ ಖುಷಿಗೆ.

ಈಗ ಕೋನ. ಎಲ್ಲರೂ ಎಡವುವುದು ಇಲ್ಲೇ. 20 ಡಿಗ್ರಿ ಅಂದರೆ ಕೈಗೆ ಹೇಗೆ ಗೊತ್ತಾಗಬೇಕು? ಒಂದು ಸಣ್ಣ ಲೆಕ್ಕ ಇದೆ. ಬಾಯಿಯಿಂದ ಬೆನ್ನಿನವರೆಗೆ ಅಲಗಿನ ಅಗಲ 15 ಮಿಲಿಮೀಟರ್, ಬೆನ್ನಿನ ದಪ್ಪ 2 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಬೆನ್ನಿನ ಕೆಳಗಿನ ಅಂಚು ಕಲ್ಲಿನಿಂದ ಸುಮಾರು 4 ಮಿಲಿಮೀಟರ್ ಎದ್ದರೆ 20 ಡಿಗ್ರಿ. 3 ಮಿಲಿಮೀಟರ್ ಎದ್ದರೆ ಸುಮಾರು 15 ಡಿಗ್ರಿ. ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಸ್ಕೇಲಿನಲ್ಲಿ ಅಷ್ಟು ಎತ್ತರ ಅಳೆದುಕೊಳ್ಳಿ. ಅಲಗಿನ ಬೆನ್ನನ್ನು ಅದರ ಮೇಲೆ ಒರಗಿಸಿ ನೋಡಿ, ಆಮೇಲೆ ನಾಣ್ಯ ತೆಗೆದು ಅದೇ ಎತ್ತರದಲ್ಲಿ ಮಸೆಯಿರಿ. ನೋಡಿದರೆ ಬಹಳ ತಗ್ಗು ಅನ್ನಿಸುತ್ತದೆ. ಹೊಸಬರ ಕೈ ಯಾವಾಗಲೂ ಮೇಲಕ್ಕೇ ಏಳುತ್ತದೆ.

ಕೋನ ಸರಿಯಿದೆಯೋ ಅಂತ ತಿಳಿಯಲು ಮಾರ್ಕರ್ ಪೆನ್ ಸಾಕು. ಬಾಯಿಯ ಇಳಿಜಾರಿಗೆ ಪೂರ್ತಿ ಬಣ್ಣ ಬಳಿದು, ಎರಡು ಸಲ ಮೆಲ್ಲಗೆ ಎಳೆದು ನೋಡಿ. ಬಣ್ಣ ಮೇಲ್ಭಾಗದಲ್ಲಿ ಮಾತ್ರ ಹೋಗಿದ್ದರೆ ಅಲಗನ್ನು ತೀರ ಮಲಗಿಸಿದ್ದೀರಿ, ಬಾಯಿಗೆ ಕಲ್ಲು ತಾಗುತ್ತಲೇ ಇಲ್ಲ. ಬಾಯಿಯ ಗೆರೆಯಲ್ಲಿ ಮಾತ್ರ ಹೋಗಿದ್ದರೆ ತೀರ ಎತ್ತಿದ್ದೀರಿ. ಫ್ಯಾಕ್ಟರಿ ಕೋನ ಎಷ್ಟು ಸೊಟ್ಟ ಅಂತಲೂ ಇದೇ ಬಣ್ಣ ಹೇಳಿಬಿಡುತ್ತದೆ.

ಒಂದು ಬದಿಯನ್ನು ಮಸೆಯುತ್ತಾ ಹೋಗಿ. ಎಷ್ಟು ಸಲ ಅಂತ ಎಣಿಸಬೇಡಿ. ಇನ್ನೊಂದು ಬದಿಯಲ್ಲಿ, ಹಿಡಿಯಿಂದ ತುದಿಯವರೆಗೆ, ಎಲ್ಲ ಕಡೆ ಬರ್ ಕೈಗೆ ಸಿಗುವವರೆಗೆ. ಬರ್ ಬಂತು ಅಂದರೆ ಕಲ್ಲು ನಿಜವಾಗಿ ಬಾಯಿಯವರೆಗೆ ತಲುಪಿದೆ ಅಂತ ಸಾಕ್ಷಿ. ಅದಕ್ಕೆ ಮೊದಲೇ ಬದಿ ಬದಲಾಯಿಸಿದರೆ ಗಂಟೆಗಟ್ಟಲೆ ಮಸೆದರೂ ಹರಿತ ಬರುವುದಿಲ್ಲ. ಆಮೇಲೆ ತಿರುಗಿಸಿ ಅದೇ ಕೆಲಸ. ಆಮೇಲೆ ನುಣುಪು ಬದಿ. ಕೊನೆಗೆ ಬರೀ ಚಾಕುವಿನ ತೂಕದಷ್ಟೇ ಒತ್ತಡದಲ್ಲಿ, ಬಾಯಿ ಮುಂದೆ ಮಾಡಿ, ಆ ಬದಿಗೊಂದು ಈ ಬದಿಗೊಂದು ಎಳೆತ. ಬರ್ ಬೀಳುವುದು ಈ ಹಗುರ ಕೈಯಲ್ಲಿ. ಗಟ್ಟಿ ಒತ್ತಿದರೆ ಒಂದು ಬದಿಯಿಂದ ಇನ್ನೊಂದು ಬದಿಗೆ ಮಗ್ಗುಲು ಬದಲಾಯಿಸುತ್ತದೆ ಅಷ್ಟೇ.

ನುಣುಪು ಕಲ್ಲು ಇಲ್ಲವಾ? ಪಿಂಗಾಣಿ ಕಪ್ ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಬಿಳಿ ಬಳೆ ಇರುತ್ತದಲ್ಲ, ಅದರ ಮೇಲೆ ನಾಲ್ಕಾರು ಸಲ ಹಗುರವಾಗಿ ಎಳೆಯಿರಿ. ಕಡೆಗೆ ಚರ್ಮದ ಬೆಲ್ಟಿನ ಒಳಬದಿಗೆ ತಿಕ್ಕಿ. ಹಳೇ ಕ್ಷೌರದಂಗಡಿಗಳಲ್ಲಿ ಕುರ್ಚಿಯ ಪಕ್ಕ ನೇತುಹಾಕಿರುತ್ತಿದ್ದ ಚರ್ಮದ ಪಟ್ಟಿ ಇದೇ ಕೆಲಸಕ್ಕೆ. ಇಲ್ಲಿ ಮಾತ್ರ ಬೆನ್ನು ಮುಂದೆ, ಬಾಯಿ ಹಿಂದೆ. ಇಲ್ಲದಿದ್ದರೆ ಬೆಲ್ಟ್ ಎರಡು ತುಂಡು.

ಮಡಚು ಚಾಕುವಿಗೇ ವಿಶೇಷವಾದ ಒಂದು ತೊಂದರೆ ಇದೆ, ಅಡುಗೆಮನೆ ಚಾಕುವಿನವರಿಗೆ ಇದು ಗೊತ್ತಿರುವುದಿಲ್ಲ. ಅಲಗಿನ ಬುಡದಲ್ಲಿ, ಬಾಯಿ ಶುರುವಾಗುವ ಮುಂಚೆ, ಒಂದು ಸಣ್ಣ ಉಬ್ಬು ಇರುತ್ತದೆ. ಕಿಕ್ ಅನ್ನುತ್ತಾರೆ. ಚಾಕು ಮಡಚಿದಾಗ ಆ ಉಬ್ಬು ಸ್ಪ್ರಿಂಗಿನ ಮೇಲೆ ಕೂರುತ್ತದೆ, ಅದರಿಂದ ಬಾಯಿ ಒಳಗಿನ ಉಕ್ಕಿಗೆ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ. ಕಿಕ್ ಸವೆದಿದ್ದರೆ, ಅಥವಾ ಮೊದಲೇ ಗಿಡ್ಡ ಮಾಡಿದ್ದರೆ, ಟಪ್ ಅಂತ ಮಡಚಿದಾಗಲೆಲ್ಲ ಬಾಯಿ ಹೋಗಿ ಸ್ಪ್ರಿಂಗಿಗೆ ಬಡಿಯುತ್ತದೆ. ಎಷ್ಟು ಮಸೆದರೂ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿಳಿ ಚುಕ್ಕೆ ಮಿಂಚುತ್ತಿದ್ದರೆ ಇದೇ ರೋಗ. ಪರೀಕ್ಷೆಗೆ, ಚಾಕುವಿನ ಒಳಗೆ ತೆಳುವಾದ ಪೇಪರ್ ಪಟ್ಟಿ ಇಟ್ಟು ಮಡಚಿ. ಪಟ್ಟಿ ಕತ್ತರಿಸಿ ಬಂದರೆ ಬಾಯಿ ಕೆಳಗೆ ತಾಗುತ್ತಿದೆ. ಸುಮ್ನೆ ಟಪ್ ಅಂತ ಬಿಡದೆ ಕೈಹಿಡಿದು ಮೆಲ್ಲಗೆ ಮಡಚುವುದೇ ಸುಲಭದ ಮದ್ದು.

ಇದಕ್ಕೆ ಅಂಟಿಕೊಂಡೇ ಇನ್ನೊಂದು. ಕಿಕ್ಕನ್ನು ಜಾಸ್ತಿ ಉಜ್ಜಿದರೆ ಬಾಯಿ ಕೆಳಗೆ ಬಡಿಯುತ್ತದೆ. ಉಜ್ಜದೆ ಬಾಯಿಯನ್ನೇ ವರ್ಷಗಟ್ಟಲೆ ಮಸೆದರೆ ತುದಿ ಮೇಲೆದ್ದು ಮಡಚಿದಾಗಲೂ ಜೇಬಿಗೆ ಚುಚ್ಚುತ್ತದೆ. ಆದ್ದರಿಂದ ಉಕ್ಕು ತೆಗೆಯುವುದರಲ್ಲಿ ಜಿಪುಣರಾಗಿರಿ. ಲಾಕ್ ಇಲ್ಲ ಅನ್ನುವುದೂ ನೆನಪಿರಲಿ. ಮಸೆಯುವಾಗ ಅಲಗಿನ ಬೆನ್ನಿಗೆ ಒತ್ತಡ ಬೀಳುವಂತೆ ಹಿಡಿದರೆ ಅದು ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಶುರುಮಾಡುವ ಮುಂಚೆ ಕೀಲಿನ ಮೇಲೆ ಒಂದು ಸುತ್ತು ಟೇಪ್ ಹಾಕಿ. ಕಲ್ಲಿನ ಕೆಸರು ಕೀಲಿನೊಳಗೆ ಹೋದರೆ ಅಲ್ಲೂ ಮಸೆತ ನಡೆಯುತ್ತದೆ, ನಮಗೆ ಬೇಡದ ಮಸೆತ.

ಎಷ್ಟು ನುಣುಪು ಬೇಕು ಅನ್ನುವುದು ಕೆಲಸದ ಮೇಲೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲದ ಹುರಿ, ಗೋಣಿ, ತೆಂಗಿನ ಹಗ್ಗ ಕತ್ತರಿಸುವವರಿಗೆ ಒರಟು ಬದಿಯಲ್ಲೇ ಮುಗಿಸಿದ ಬಾಯಿ ವಾಸಿ. ಅದರಲ್ಲಿ ಕಣ್ಣಿಗೆ ಕಾಣದ ಹಲ್ಲುಗಳಿರುತ್ತವೆ, ಎಳೆದಾಗ ನಾರನ್ನು ಹಿಡಿದು ಕತ್ತರಿಸುತ್ತವೆ. ಟೊಮೆಟೊ ಸಿಪ್ಪೆಗೂ ಅದೇ ಸೈ. ಮರ ಕೆತ್ತುವುದು, ಪೆನ್ಸಿಲ್ ಚೂಪು ಮಾಡುವುದು, ಹೀಗೆ ಒತ್ತಿ ಕತ್ತರಿಸುವ ಕೆಲಸಕ್ಕೆ ನುಣುಪು ಬಾಯಿ ಬೇಕು. ಅಲಗು ಬಾಯಿಯ ಹಿಂದೆಯೇ ಅರ್ಧ ಮಿಲಿಮೀಟರಿಗಿಂತ ದಪ್ಪ ಇದ್ದರೆ ಮಾತ್ರ, ಎಷ್ಟೇ ಹರಿತ ಮಾಡಿದರೂ ಕ್ಯಾರೆಟ್ ಕತ್ತರಿಸುವುದಿಲ್ಲ, ಲಟಕ್ ಅಂತ ಸೀಳುತ್ತದೆ. ಫ್ಯಾಕ್ಟರಿಯನ್ನು ಬೈಯಬೇಕಾದ ಜಾಗ ಅಂತ ಒಂದಿದ್ದರೆ ಅದು ಇದು. ಹರಿತ ನಾವು ತರಬಹುದು, ಅಷ್ಟು ಉಕ್ಕು ಕೈಯಲ್ಲಿ ಇಳಿಸುವುದು ಯಾರಿಗೆ ಬೇಕು?

ಕಾರ್ಬನ್ ಉಕ್ಕಾದರೆ ಈರುಳ್ಳಿ, ನಿಂಬೆ, ಮಾವಿನಕಾಯಿ ಕತ್ತರಿಸಿದಂತೆ ಅಲಗು ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಅದು ಕೆಟ್ಟದ್ದಲ್ಲ, ಉಜ್ಜಿ ತೆಗೆಯಬೇಡಿ. ಕೆಂಪು ಬಂದರೆ ಮಾತ್ರ ತುಕ್ಕು, ತಕ್ಷಣ ಒರೆಸಿ. ಬಳಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ಇಟ್ಟರೆ ನಮ್ಮ ಒಣ ಹವೆಯಲ್ಲಿ ದೊಡ್ಡ ಕಾಟ ಇಲ್ಲ. ಕೀಲಿಗೆ ಆಗಾಗ ಒಂದು ಹನಿ ಹೊಲಿಗೆಯಂತ್ರದ ಎಣ್ಣೆ ಬಿಡಿ. ಚಳ್ಳಕೆರೆಯ ಗಾಣದ ಕಡಲೆಕಾಯಿ ಎಣ್ಣೆ ಎಷ್ಟೇ ಚೆನ್ನಾಗಿರಲಿ, ಅದನ್ನು ಚಟ್ನಿಪುಡಿಗೆ ಇಟ್ಟುಕೊಳ್ಳಿ. ಅಡುಗೆ ಎಣ್ಣೆ ಕೆಲವು ತಿಂಗಳಲ್ಲಿ ಅಂಟಾಗಿ ಕೀಲು ಬಿಗಿದುಕೊಳ್ಳುತ್ತದೆ. ಸಾಣೆಕಲ್ಲಿಗೆ ಹಾಕಿದರೂ ಅಷ್ಟೇ, ಕಣದ ಸಂದಿಯಲ್ಲೆಲ್ಲ ಜಿಡ್ಡು ಕೂತು ಕಲ್ಲು ಜಾರುತ್ತದೆ, ಮಸೆಯುವುದಿಲ್ಲ.